ನನ್ನ ನೋವನ್ನು ನಾನೇ ಹೇಳಿದ ದಿನ

ಬೆಟಗೇರಿ
ಮಾರ್ಚ್ ೯, ೨೧೪೩

ಹೆಣ್ಣುಮಕ್ಕಳ ಡಾಕ್ಟರ ಬಳಿಗೆ ಮಗಳನ್ನು ಎತ್ತಿಕೊಂಡು ಹೊರಟಿರುವ ತಾಯಿಗೆ,

ನೀವು ನನಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿದ್ದೀರಿ. ನಮ್ಮ ಕಾಲದ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಸಂಭ್ರಮ ಆರುವ ಮೊದಲೇ, ಇವತ್ತೇ ಬರೆಯಬೇಕು.

ನಾನು ಸಂಪಿಗೆ ಹಡಪದ, ಹದಿನಾರು ವರ್ಷದವಳು. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಕೈಕಾಲು ಬಿಗಿದುಕೊಂಡವು. ಗಾಲಿಕುರ್ಚಿಯಲ್ಲೇ ಓಡಾಟ. ಮಾತು ಬರುತ್ತದೆ, ಆದರೆ ಒಂದೊಂದು ಪದವೂ ಗಂಟಲಲ್ಲಿ ಒದ್ದಾಡಿ ಹೊರಬರುತ್ತದೆ. ಹಾಗಾಗಿ ನನ್ನ ಮಾತನ್ನು ನನಗಿಂತ ಮೊದಲೇ ಮುಗಿಸಿಬಿಡುವವರು ಬಹಳ.

ಎರಡು ವರ್ಷದಿಂದ ಮುಟ್ಟಾದಾಗಲೆಲ್ಲ ನಾಲ್ಕು ದಿನ ಹೊಟ್ಟೆನೋವಿಗೆ ದಿಂಬು ಕಚ್ಚಿಕೊಂಡು ಮಲಗುತ್ತಿದ್ದೆ. ತೋರಿಸಿದ ಡಾಕ್ಟರುಗಳೆಲ್ಲ ಅವ್ವನ ಮುಖ ನೋಡಿ, ಇಂಥ ಮಕ್ಕಳಿಗೆ ಬಿಗಿತ ಇದ್ದದ್ದೇ ಎಂದರು. ನಮ್ಮ ಕಾಲದಲ್ಲಿ ಎಲ್ಲವೂ ಸರಿಹೋಗಿದೆ ಎಂದುಕೊಳ್ಳಬೇಡಿ. ಕಳೆದ ತಿಂಗಳು ಅಜ್ಜಿ ನನ್ನ ಎದುರಿಗೇ ಅವ್ವನಿಗೆ ಹೇಳಿದಳು: "ಮುಟ್ಟಾಗಿ ಏನ್ ಮಾಡೂದೈತಿ ಈಕಿಗೆ? ಗರ್ಭಚೀಲಾನ ತೆಗಿಸಿಬಿಡು. ಈಕೀನೂ ಪಾರು, ನೀನೂ ಪಾರು." ಅಜ್ಜಿ ಕೆಟ್ಟವಳಲ್ಲ, ನನ್ನ ಬಟ್ಟೆ ಒಗೆದು ಒಗೆದು ಅವಳ ಕೈಗಳು ಸೋತಿದ್ದವು. ಆದರೆ ಅವ್ವ ಬೇಡ ಎನ್ನಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಈ ವರ್ಷ ನಮ್ಮಲ್ಲಿ ಋತುಮನೆ ತೆರೆಯಿತು. ಮೈನೆರೆದ ಹುಡುಗಿಯರಿಗೆಂದೇ ಇರುವ ಆಸ್ಪತ್ರೆ ಅದು. ಒಂದೂ ಮೆಟ್ಟಿಲಿಲ್ಲ. ಪರೀಕ್ಷೆಯ ಮಂಚ ಮೊಣಕಾಲಿನ ಎತ್ತರಕ್ಕೆ ತಗ್ಗುತ್ತದೆ, ಯಾರೂ ನಮ್ಮನ್ನು ಮೂಟೆಯಂತೆ ಎತ್ತಿ ಹಾಕಬೇಕಿಲ್ಲ. ಅಲ್ಲಿ 'ಮೊದಲ ಮಾತು' ಎಂಬ ನಿಯಮವಿದೆ: ಬಾಯಿಂದಲೋ ಸನ್ನೆಯಿಂದಲೋ ಚಿತ್ರ ತೋರಿಸಿಯೋ, ಹುಡುಗಿ ಹೇಳಿದ ಮೇಲೆಯೇ ಉಳಿದವರ ಮಾತು. ಇವತ್ತು ಹೋದೆವು.

"ಆಕಿಗೆ ಮಾತು ತಡಾ ಆಗ್ತಾವ್ರಿ, ನಾನೇ ಹೇಳ್ತೀನಿ," ಎಂದು ಅವ್ವ ಶುರುಮಾಡಿದಳು.

"ತಡಾ ಆದ್ರ ಆಗ್ಲಿ ಬಿಡ್ರೀ ಅಕ್ಕಾರ, ನನಗೇನ್ ಗಡಿಬಿಡಿ ಇಲ್ಲ. ನೀವು ಹೊರಗ ಕುಂತು ಚಾ ಕುಡೀರಿ," ಎಂದರು ಡಾಕ್ಟರ್ ಮುಬೀನಾ ನದಾಫ್.

ಬಾಗಿಲು ಮುಚ್ಚಿತು. ನಾನು ಬೆವತುಹೋದೆ. ಹೇಳಿ ಮುಗಿಸಲು ಹನ್ನೊಂದು ನಿಮಿಷ ಬೇಕಾಯಿತು. ಅವರು ಗಡಿಯಾರ ನೋಡಲಿಲ್ಲ, ನನ್ನ ಪದಗಳನ್ನು ಊಹಿಸಲೂ ಇಲ್ಲ. "ಕಾಲಿನ ಬಿಗಿತ ನನಗ ಗೊತ್ತೈತ್ರಿ. ಇದು ಅದಲ್ಲ," ಎಂದೆ. ಕೊನೆಗೆ, ಎಲ್ಲಕ್ಕಿಂತ ಕಷ್ಟದ್ದನ್ನೂ ಹೇಳಿದೆ: "ಗರ್ಭಚೀಲ ತೆಗೀಬ್ಯಾಡ್ರಿ."

"ನಿನ್ನ ಕೇಳದ ಇಲ್ಲಿ ಯಾರೂ ಏನೂ ತೆಗಿಯಂಗಿಲ್ಲವ್ವಾ."

ಪ್ರತಿ ಸಲವೂ "ಮುಟ್ಲೇನು?" ಎಂದು ಕೇಳಿಯೇ ಮುಟ್ಟಿದರು. ಹೊಟ್ಟೆಯ ಮೇಲೆ ಸ್ಕ್ಯಾನ್ ಆಡಿಸಿ, ಪರದೆಯನ್ನು ನನ್ನ ಕಡೆಗೇ ತಿರುಗಿಸಿದರು. ಎಡ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು! "ನೋಡು, ನೀ ಹೇಳಿದ್ದು ಖರೇ ಐತಿ," ಎಂದರು. ಗಂಟು ಸಿಕ್ಕಿದ್ದಕ್ಕೆ ಯಾರಾದರೂ ಕುಣಿದಾಡುತ್ತಾರೆಯೇ? ನಾನು ಕುರ್ಚಿ ಅಲುಗುವಷ್ಟು ನಕ್ಕೆ. ಗುರುವಾರ ಸಣ್ಣ ಆಪರೇಷನ್. ಗಂಟು ಮಾತ್ರ ತೆಗೆಯುತ್ತಾರೆ, ಗರ್ಭಚೀಲದ ತಂಟೆಗೆ ಹೋಗುವುದಿಲ್ಲ.

ಅವ್ವನನ್ನು ಕರೆಯಲೇ ಎಂದು ಕೇಳಿದರು. ಹೂಂ ಎಂದೆ. ಎಲ್ಲವನ್ನೂ ಅವ್ವನಿಗೆ ನಾನೇ ಹೇಳಿದೆ, ನಿಧಾನವಾಗಿ. ಅವಳು ನೆಲದ ಮೇಲೆ ಕುಸಿದು ಕೂತು, ನನ್ನ ತೊಡೆಯ ಮೇಲೆ ತಲೆಯಿಟ್ಟಳು.

"ಅಜ್ಜಿ ಮಾತಿಗೆ ನಾ ಹೂಂ ಅನ್ನಾಕ ಬಂದಿದ್ನಲ್ಲವ್ವಾ," ಎಂದಳು.

ಅವಳ ತಲೆ ಸವರಿದೆ.

ತಾಯೀ, ನಿಮ್ಮಲ್ಲಿ ಋತುಮನೆ ಇಲ್ಲದಿರಬಹುದು. ಆದರೂ ಡಾಕ್ಟರು ನಿಮ್ಮನ್ನು ನೋಡಿ "ಇವಳಿಗೇನು?" ಎಂದು ಕೇಳಿದಾಗ ತಕ್ಷಣ ಉತ್ತರಿಸಬೇಡಿ. ಮಗಳ ಕಡೆ ತಿರುಗಿ, ಕಾಯಿರಿ. ಮಾತು ಬಾರದವಳಾದರೆ ಅವಳ ಕಣ್ಣು, ಬೆರಳು ನೋಡುತ್ತಾ ಕಾಯಿರಿ. ಡಾಕ್ಟರಿಗೂ ಕಾಯಲು ಹೇಳಿ. ಅವಳು ಹೇಳುತ್ತಾಳೆ.

ಇತಿ,
ಸಂಪಿಗೆ