ಮೊದಲ ನೀಲಿ ಜೆರ್ಸಿ ಕೇಳಿದ ತಮ್ಮನಿಗೆ

ಥಾರ್ನ್‌ಸೈಕ್, ಯಾರ್ಕ್‌ಷೈರ್
೧೪ ಮಾರ್ಚ್ ೧೯೩೮

ಪ್ರೀತಿಯ ತಮ್ಮ ಜಾಬೆಜ್‌ಗೆ,

ಚೆನ್ನಾಗಿದ್ದೀಯಾ? ಬ್ಲ್ಯಾಕ್‌ಪೂಲಿನ ಕಡಲ ಗಾಳಿ ನಿನಗೆ ಹಿಡಿಸಿರಬೇಕು. ನಿನ್ನ ಮೂರು ಕಾಗದಗಳೂ ಬಂದವು. ಉತ್ತರಕ್ಕೆ ಇಷ್ಟು ತಡವಾಯಿತು, ಮನ್ನಿಸು. ಬೆರಳುಗಳು ಮೊದಲಿನಂತೆ ಮಡಚುವುದಿಲ್ಲ, ಅದೊಂದು ಕಾರಣ. ಇನ್ನೊಂದನ್ನು ಮುಂದೆ ಬರೆಯುತ್ತೇನೆ.

ನಮ್ಮ ಕ್ಲಬ್ಬಿಗೆ ನಲವತ್ತು ತುಂಬುತ್ತಿದೆ, ಔತಣಕ್ಕೆ ನೀನೇ ಮುಖ್ಯ ಅತಿಥಿ. ಮೊದಲ ಕಪ್ ಗೆದ್ದ ಕ್ಯಾಪ್ಟನ್ ಅಲ್ಲವೇ ನೀನು. ಪುಸ್ತಿಕೆಗೆ ಹಳೆಯ ಸಂಗತಿ ಬರೆದು ಕಳಿಸು, ಭಾವನ ಮೊದಲ ಜೆರ್ಸಿಯನ್ನೂ ಕಳಿಸು, ಗಾಜಿನ ಪೆಟ್ಟಿಗೆಯಲ್ಲಿಡೋಣ ಎಂದಿದ್ದೀಯ. ಹಳೆಯ ಸಂಗತಿ ತಾನೇ? ಕೇಳು.

ಶನಿವಾರದ ಪಾಳಿ ಬಿಟ್ಟು ಆಡುವವರಿಗೆ ಹೋದ ಕೂಲಿ ತುಂಬಿಕೊಡಬಾರದು ಎಂದು ದೊಡ್ಡ ಮನುಷ್ಯರು ಹಟ ಹಿಡಿದು, ಉತ್ತರದ ರಗ್ಬಿ ತಂಡಗಳು ಬೇರೆಯಾದವಲ್ಲ, ಅದಾದ ಮೂರನೇ ವರ್ಷ ಕೆಂಪು ಹುಂಜದ ಪಬ್ಬಿನ ಮಹಡಿಯಲ್ಲಿ ನಮ್ಮ ಕ್ಲಬ್ ಹುಟ್ಟಿತು. ವಿಲ್ಫ್ರೆಡ್ ರಶ್‌ವರ್ತ್ ಕಾರ್ಯದರ್ಶಿಯಾದ. ನಿನ್ನ ಭಾವ, ನನ್ನ ಈನಕ್, ಬಣ್ಣದ ಕಾರ್ಖಾನೆಯಿಂದ ನೀಲಿ ತಂದ, ನಾನೂ ಅಮ್ಮನೂ ಹದಿನೈದು ಜೆರ್ಸಿ ಅದ್ದಿದೆವು. ಊರಿಗೆ ಊರೇ ಬಣ್ಣದ ಕೆಲಸದವರು. ಆದರೂ ಆತುರದಲ್ಲಿ ಬಣ್ಣ ಕಚ್ಚಲು ವಿನೆಗರ್ ಹಾಕುವುದನ್ನೇ ಮರೆತೆವು. ಮೊದಲ ಪಂದ್ಯದ ದಿನ ಮಳೆ ಬಂತು. ಅರ್ಧ ಆಟ ಮುಗಿಯುವಷ್ಟರಲ್ಲಿ ಹದಿನೈದೂ ಜನ ಕುತ್ತಿಗೆಯಿಂದ ಮೊಣಕಾಲಿನವರೆಗೆ ನೀಲಿ. "ಮುಟ್ಬೇಡ್ರೋ ಅವರನ್ನ, ಮೆತ್ಕೊಳ್ತಾರೆ" ಎಂದು ಎದುರಾಳಿಗಳು ಅಣಕಿಸಿದರು. ಮುಟ್ಟದೆ ಸೋತೂ ಹೋದರು. ಅಂದಿನಿಂದ ನಾವು ನೀಲಿಮೈಯವರು. ನಮ್ಮ ಎಫಿ ಆಗಿನ್ನೂ ಪುಟ್ಟ ಕೂಸು, ಅಪ್ಪನ ಕುತ್ತಿಗೆ ಉಜ್ಜಿ ಉಜ್ಜಿ ತನ್ನ ಬೆರಳು ನೋಡಿಕೊಂಡು ನಗುತ್ತಿದ್ದಳು. ಇದನ್ನು ಪುಸ್ತಿಕೆಗೆ ಹಾಕಿಸಿಕೋ, ಜನರಿಗೆ ಹಿಡಿಸುತ್ತದೆ.

ಇನ್ನೊಂದು ಸಂಗತಿ ಇದೆ. ಆಗಿನ ನಿಯಮ ನಿನಗೆ ಮರೆತಿರಲಾರದು. ವಾರವೆಲ್ಲ ಕೆಲಸಕ್ಕೆ ಹೋದವನಿಗೆ ಮಾತ್ರ ಶನಿವಾರ ಮೈದಾನ. ಕೆಲಸ ತಪ್ಪಿಸಿ ಆಡಿದರೆ ಅಮಾನತು. ೧೯೦೧ರ ಫೆಬ್ರವರಿಯಲ್ಲಿ ಎಫಿಗೆ ಗಂಟಲಮಾರಿ ಬಂತು. ಈನಕ್ ಕೆಲಸ ಬಿಟ್ಟು ಅವಳ ಹಾಸಿಗೆಯ ಪಕ್ಕ ಕೂತ. ಬುಧವಾರ ಮಗು ಹೋಯಿತು, ಗುರುವಾರ ಮಣ್ಣು ಮಾಡಿದೆವು. ಆವತ್ತು ನೀನೇ ಅವನ ಹೆಗಲ ಮೇಲೆ ಕೈಯಿಟ್ಟು, "ಶನಿವಾರ ಆಡ್ಬಾ ಭಾವ. ಮನೇಲೇ ಕೂತ್ರೆ ಹುಚ್ಚು ಹಿಡಿಯುತ್ತೆ" ಎಂದೆ. ನಾನೂ ಹೋಗು ಎಂದೆ. ಹೋಗಿ ಆಡಿದ.

ಉತ್ತರದ ತಂಡಗಳ ಒಕ್ಕೂಟಕ್ಕೆ ಯಾರೋ ಚಾಡಿ ಬರೆದರು. ಈನಕ್ ಅಮಾನತಾದ, ಅವನ ಜಾಗ ನಿನಗೆ ಬಂತು, ಕಪ್ ಬಂತು, ಕ್ಯಾಪ್ಟನ್‌ಗಿರಿಯೂ ಬಂತು. "ಮಗಳ ಪಕ್ಕ ಕೂತಿದ್ದು ತಪ್ಪೇನೇ ಸೆಲಿನಾ?" ಎಂದು ಒಂದೇ ಒಂದು ಸಲ ಕೇಳಿದ. ಮತ್ತೆ ಚೆಂಡು ಮುಟ್ಟಲಿಲ್ಲ, ಕುಡಿಯುವುದನ್ನು ಬಿಡಲಿಲ್ಲ. ಎಂಟು ವರ್ಷಕ್ಕೆ ಅವನೂ ಹೋದ.

ಚಾಡಿ ಬರೆದವನು ರಶ್‌ವರ್ತ್ ಎಂದೇ ನಾನು ತಿಳಿದಿದ್ದೆ. ಹಾಗೆಂದು ನನ್ನ ಕಿವಿಗೆ ಹಾಕಿದವನು ಯಾರೆಂದು ನೀನೇ ನೆನಪಿಸಿಕೋ. ಮೂವತ್ತೇಳು ವರ್ಷ ಅವನ ಮೇಲೆ ಹಲ್ಲು ಕಡಿದೆ. ಅವನ ಹೆಂಡತಿಯ ಶವ ಹೋಗುವಾಗ ಇಡೀ ಬೀದಿ ಕಿಟಕಿಗೆ ಪರದೆ ಎಳೆದು ಮರ್ಯಾದೆ ಕೊಟ್ಟಿತು. ನಾನೊಬ್ಬಳೇ ಪರದೆ ಸರಿಸಿ, ಹಾಡಿಕೊಳ್ಳುತ್ತ ಗಾಜು ಒರೆಸಿದೆ. ಅವನು ತಲೆಯೆತ್ತಿ ನೋಡಿದ. ನೋಡಲಿ ಎಂದೇ ಒರೆಸಿದ್ದು.

ಈ ಜನವರಿಯಲ್ಲಿ ರಶ್‌ವರ್ತ್ ಸಾಯುವ ಮುಂಚೆ ನನ್ನನ್ನು ಕರೆಸಿದ. ದಿಂಬಿನಡಿಯಿಂದ ಒಂದು ಕಾಗದ ತೆಗೆದು, "ನಾನಲ್ಲ ಕಣಮ್ಮ" ಎಂದ. ವಿವರಣೆ ಕೇಳಿ ಒಕ್ಕೂಟದವರು ಆ ಚಾಡಿಯನ್ನು ಅವನಿಗೇ ಕಳಿಸಿದ್ದರಂತೆ. ಹೇಳಿದರೆ ತಂಡ ಒಡೆಯುತ್ತದೆ, ಅಕ್ಕ ತಮ್ಮ ದೂರವಾಗುತ್ತಾರೆ ಎಂದು ನನ್ನ ಶಾಪವನ್ನೆಲ್ಲ ತಾನೇ ನುಂಗಿಕೊಂಡಿದ್ದ. ಕೆಳಗೆ ನಿನ್ನ ಸಹಿ ಇತ್ತು, ಜಾಬೆಜ್.

ಜೆರ್ಸಿ ಕೇಳಿದೆಯಲ್ಲ? ಅದನ್ನು ರಶ್‌ವರ್ತನಿಗೆ ತೊಡಿಸಿ ಕಳಿಸಿದೆ. ಬೇಕಿದ್ದರೆ ಅಗೆದುಕೋ. ನಿನ್ನ ಆ ಚಾಡಿ ಕಾಗದ ಪುಸ್ತಿಕೆಯಲ್ಲಿದೆ. ಅಚ್ಚು ಹಾಕುತ್ತಿರುವವನು ಅವನ ಮೊಮ್ಮಗ. ನಿನ್ನ ಫೋಟೋದ ಎದುರು ಪುಟವನ್ನೇ ಆರಿಸಿದ್ದೇವೆ, ಔತಣದಲ್ಲಿ ಪ್ರತಿ ತಟ್ಟೆಯ ಪಕ್ಕ ಒಂದೊಂದು ಇರುತ್ತದೆ. ತಪ್ಪದೆ ಬಾ. ಬಾರದಿದ್ದರೂ ಓದುತ್ತಾರೆ.

ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ. ಒಂದೊಂದು ದಿನವೂ ಈ ಊರಿನವರ ನಾಲಿಗೆಯ ಮೇಲೆ ಇರು.

ನಿನ್ನ ಅಕ್ಕ,
ಸೆಲಿನಾ

ಮತ್ತೊಂದು ಮಾತು: ಆ ಕಾಗದದ ತಾರೀಖನ್ನು ನಿನ್ನೆಯಷ್ಟೇ ಗಮನಿಸಿದೆ. ಆ ಗುರುವಾರದ್ದೇ, ಈನಕ್ ಆಡುವುದಕ್ಕೂ ಎರಡು ದಿನ ಮುಂಚಿನದು. ಎಫಿಯ ಪೆಟ್ಟಿಗೆಯನ್ನು ಕಂಕುಳಲ್ಲಿ ಹೊತ್ತವನು ನೀನು. ವಾಪಸು ಬಂದು ನನ್ನ ಮನೆಯಲ್ಲಿ ಸಾವಿನೂಟದ ಹ್ಯಾಮ್ ತಿಂದೆ. ಆಮೇಲೆ, ಚಿಕ್ಕಮ್ಮನಿಗೆ ಸುದ್ದಿ ಬರೀಬೇಕಕ್ಕ ಎಂದು ಮೂಲೆಯ ಮೇಜಿಗೆ ಹೋದೆ. ಚಿಕ್ಕಮ್ಮನಿಗೆ ಯಾವ ಕಾಗದವೂ ಬರಲಿಲ್ಲ, ಮಗು ಹೋದದ್ದನ್ನು ತಿಳಿಸಲಿಲ್ಲ ಎಂದು ಸಾಯುವವರೆಗೂ ನನ್ನನ್ನು ದೂರಿದಳು. ಆವತ್ತು ಶಾಯಿ ಗಟ್ಟಿಯಾಗಿತ್ತು. ಬಿಸಿನೀರು ಬೆರೆಸಿ ನಿನ್ನ ಮುಂದಿಟ್ಟವಳು ನಾನೇ.