ಚಹಾದಲ್ಲಿ ಅದ್ದಿದ ಕಬ್ಬಿಣ

ಜೂನ್ 9, ಬೆಳಿಗ್ಗೆ, ಗಲ್ಲಾ ತೆರೆಯುವ ಮುಂಚೆ

ಇದುವರೆಗಿನ ಖರ್ಚು: ತಳೇಗಾಂವದ ಶೆಡ್ಡಿನ ಬಾಡಿಗೆ, ಹಳೆಯ ಓವನ್, ರಾಗಿ, ಬೆಲ್ಲ, ಲ್ಯಾಬಿನ ಫೀಸು, ನನ್ನ ಮಧ್ಯಾಹ್ನದ ನಿದ್ದೆ. ಕೊನೆಯದಕ್ಕೆ ರಸೀದಿ ಇಲ್ಲ.

ಬಿಬವೇವಾಡಿಯ ಹೋಟೆಲಿನಲ್ಲಿ ಇಡ್ಲಿ ಮಾರಿ ಉಳಿಸಿದ್ದೆಲ್ಲ ಕಬ್ಬಿಣ ಬೆರೆಸಿದ ಬಿಸ್ಕೀಟಿಗೆ ಹೋಯಿತು. ರಕ್ತ ಕಡಿಮೆಯಿರುವ ಅಂಗನವಾಡಿ ಮಕ್ಕಳಿಗೆ. ಸೂತ್ರ ಶ್ರದ್ಧಾಳದು — ಧಾರವಾಡದ ಹುಡುಗಿ, ಫುಡ್ ಟೆಕ್ನಾಲಜಿ ಓದಿದವಳು. ಮೊದಲ ಪೊಟ್ಟಣ ಪೂರ್ವಾಳಿಗೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿರುವ ಅಕ್ಕುವಿನ ಮೊಮ್ಮಗಳು. ನಾಲ್ಕು ವರ್ಷ, ಹಿಮೋಗ್ಲೋಬಿನ್ ಎಂಟು. ಮೆಟ್ಟಿಲು ಹತ್ತಿದರೆ ಏದುಸಿರು.

ಜೂನ್ 21

ಮಕ್ಕಳು ಉಗುಳುತ್ತಿದ್ದಾರೆ.

"ಮೊಳೆ ನೆಕ್ಕಿದ ಹಾಗೆ ಉಂಟಂತೆ ಅಣ್ಣ," ಅಂದಳು ಅಕ್ಕು. ಪೂರ್ವಾ ನಾಯಿಗೆ ಹಾಕಿದಳು. ನಾಯಿಯೂ ಮೂಸಿ ಹೋಯಿತು.

ಶ್ರದ್ಧಾ ಊರಲ್ಲಿ, ತಂಗಿಯ ಮದುವೆ. ನಾಲಿಗೆಯ ವಿಷಯಕ್ಕೆ ನನಗೆ ಡಿಗ್ರಿ ಬೇಕೆ? ಪೂರ್ವಾಳಿಗೆ ಚಹಾದಲ್ಲಿ ಅದ್ದಿ ಕೊಟ್ಟೆ. ಖಾಲಿ! ಪೊಟ್ಟಣಗಳಿಗೆ ಹೋಟೆಲಿನಲ್ಲೇ ಚೀಟಿ ಅಂಟಿಸಿದೆ: 'ಚಹಾದ ಜೊತೆ ಕೊಡಿ.' ಸಣ್ಣ ಅಕ್ಷರದಲ್ಲಿ ಶ್ರದ್ಧಾ ಏನೋ ಅಚ್ಚು ಹಾಕಿಸಿದ್ದಳು, ಅದರ ಮೇಲೆಯೇ. ಬೇರೆ ಜಾಗ ಎಲ್ಲಿತ್ತು...

ಆಗಸ್ಟ್ 30

ಮಗರಪಟ್ಟಾದಲ್ಲಿ ಬಿಸ್ಕೀಟಿಗಾಗಿ ನನಗೆ ಸನ್ಮಾನ. ಶಾಲು, ತೆಂಗಿನಕಾಯಿ. ಮರಾಠಿಯಲ್ಲಿ ಭಾಷಣ ಬಿಗಿದೆ. ಪೊಟ್ಟಣ ಒಂದೂ ಮರಳಿ ಬರುತ್ತಿಲ್ಲ.

"ಪೂರ್ವಾ ಎದ್ದ ಕೂಡಲೇ ಚಾ-ಬಿಸ್ಕೀಟು ಅಂತ ರಂಪ ಮಾಡ್ತಾಳೆ ಮಾರಾಯ್ರೆ," ಅಂದಳು ಅಕ್ಕು. ಲಾಭದ ಕಡೆ ಬರೆದುಕೊಂಡೆ.

ಅಕ್ಟೋಬರ್ 14

ಮಕ್ಕಳ ರಕ್ತದ ರಿಪೋರ್ಟ್ ಬಂತು. ಪೂರ್ವಾ — ಏಳು. ಉಳಿದವರದೂ ಏರಿಲ್ಲ. ಶ್ರದ್ಧಾ ಹೋಟೆಲಿಗೆ ಬಂದು ಪೊಟ್ಟಣ ತಿರುಗಿಸಿ ನೋಡಿದಳು.

"ಈ ಚೀಟಿ ಯಾರು ಹಚ್ಚಿದ್ರು?"

"ನಾನೇ. ಮಕ್ಕಳು ತಿಂದ್ರಲ್ಲ?"

"ತಿಂದ್ರು. ಮೈಗೆ ಹತ್ತಲಿಲ್ಲ. ಚಹಾ ಕಬ್ಬಿಣಾನ ಹಿಡಕೊಂಡು ಬಿಡ್ತದ ಕಾಕಾ. ಹೊಟ್ಟಿಗೆ ಹೋಗಿ ಹಂಗ ಹೊರಗ ಬರ್ತದ."

"ಮೊದಲೇ ಹೇಳಬಾರದಾ?"

"ಬರದಿದ್ನಲ್ರೀ. ನಿಮ್ಮ ಚೀಟಿ ಕೆಳಗ ಅದ."

ನವೆಂಬರ್ 3

ಪೂರ್ವಾ ಆಸ್ಪತ್ರೆಯಿಂದ ಮನೆಗೆ. ರಕ್ತ ಹಾಕಿದರು. ಬಿಸ್ಕೀಟು, ಚಹಾದ ಬದಲು ನಿಂಬೆ ಪಾನಕ, ನಾನೇ ಒಯ್ದೆ.

"ಚಾ?"

"ಚಾ ಬೇಡ ಪುಟ್ಟಿ."

ಬಿಸ್ಕೀಟು ನೆಲಕ್ಕೆ. ಈಗ ಅನ್ನಕ್ಕೂ ಚಹಾ ಬೇಕಂತೆ. ಅಕ್ಕು ನನ್ನ ಮುಖ ನೋಡಲಿಲ್ಲ.

ನವೆಂಬರ್ 26

ಅಂಗನವಾಡಿಯವರು ಸಾಕು ಅಂದರು. ಶೆಡ್ಡಿಗೆ ಬೀಗ. ಯಾರಿಗೆ ಏನು ಸಿಕ್ಕಿತು, ಬರೆದುಬಿಡುತ್ತೇನೆ.

ಗುಜರಿಯವನಿಗೆ ಓವನ್. ಶ್ರದ್ಧಾಳಿಗೆ ಬೇರೆ ಕೆಲಸ. ನನಗೆ ಶಾಲು. ಹೋಟೆಲಿಗೆ ಹೊಸ ಗಿರಾಕಿಗಳು — ಪುಟ್ಟ ಲೋಟ ಹಿಡಿದು ಬರುತ್ತಾರೆ, ಚಹಾಕ್ಕೆ. ಪೂರ್ವಾಳಿಗೆ ಚಹಾದ ರುಚಿ. ರಕ್ತ ಮತ್ತೆ ಇಳಿಯುತ್ತಿದೆ.