ಬ್ಯಾಟರಿ ಟ್ರ್ಯಾಕ್ಟರಿಗೆ ಯಾವ ಕಂಟ್ರೋಲರ್?

ಡ್ಯೂನ್ಸ್‌ಬರ್ಗ್, ನ್ಯೂಯಾರ್ಕ್
೯ ಜುಲೈ ೨೦೧೧

ಇರ್ಮಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಮೂರು ವರ್ಷದಿಂದ ಮಾತಿಲ್ಲದವನ ಕೈಯಲ್ಲಿ ಆ ಪದ ಕಂಡರೆ ನೀನು ಮುಂದೆ ಓದಲಿಕ್ಕಿಲ್ಲ ಅನ್ನಿಸಿ ಬೇರೆ ಹಾಳೆ ತೆಗೆದುಕೊಂಡೆ. ಕೇಳಬೇಕಾದದ್ದು ಒಂದೇ ವಿಷಯ.

ಹೋದ ಶನಿವಾರ ಹಿಂದಿನ ಇಳಿಜಾರಿನಲ್ಲಿ ಹುಲ್ಲು ಕತ್ತರಿಸುತ್ತಿದ್ದಾಗ ನಮ್ಮ ಬ್ಯಾಟರಿ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಸೀಟಿನಡಿಯಿಂದ ಹೊಗೆ ಬಂತು. “ಇರ್ಮಾ, ನೀರು ಬೇಡ, ಮರಳು ತಾ!” ಎಂದು ಕೂಗಿದೆ. ಕೂಗಿ ಆದಮೇಲೆ ನೀನಿಲ್ಲವೆಂದು ನೆನಪಾಯಿತು. ಆ ಗಾಡಿಗೆ ಸದ್ದೇ ಇಲ್ಲವಲ್ಲ, ಅದರ ಮೇಲೆ ಕೂತು ನಾನೊಬ್ಬನೇ ಮಾತಾಡುವುದು ಬೇಲಿಯಾಚೆಗೂ ಕೇಳಿಸುತ್ತದಂತೆ. ಪಕ್ಕದ ಮನೆಯವಳು, “ನೆಂಟರು ಬಂದಿದಾರೇನೋ ಅಂದ್ಕೊಂಡೆ” ಅಂದಳು. ಹೌದು ಅಂದೆ.

ಮೋಟರಿಗೆ ಏನೂ ಆಗಿಲ್ಲ, ಸುಟ್ಟದ್ದು ಅದಕ್ಕೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ಕಂಟ್ರೋಲರ್. ಗಾಲ್ಫ್ ಗಾಡಿ ರಿಪೇರಿ ಮಾಡುವ ಆಜಿ ಪ್ರುಡೋಮ್ ಬಂದು ನೋಡಿ ನಕ್ಕ. “ನಲವತ್ತು ವರ್ಷದ ಗಾಡಿ ಕಣಯ್ಯಾ ಇದು! ಒಳಗಿರೋದನ್ನೆಲ್ಲ ಕಿತ್ತು ಬಿಸಾಕು. ಗಾಲ್ಫ್ ಗಾಡೀದು ಒಂದಿದೆ, ಮಧ್ಯಾಹ್ನದೊಳಗೆ ಕೂರಿಸಿಕೊಡ್ತೀನಿ” ಎಂದ. ಓಹಾಯೋದಲ್ಲಿ ಒಬ್ಬನ ಹತ್ತಿರ ಹಳೆಯ ಮಾದರಿಯದ್ದೇ ಇದೆ, ಆದರೆ ಎಷ್ಟು ದಿನ ಬಾಳುತ್ತದೋ ಅವನಿಗೂ ಗೊತ್ತಿಲ್ಲ. ಮೂರನೆಯದು ಹೊಸದು. ಮೋಟರಿನ ಎರಡು ಸುರುಳಿಗಳಿಗೂ ಬೇರೆ ಬೇರೆಯಾಗಿ ಕರೆಂಟು ಕೊಡುತ್ತದಂತೆ. ಅದನ್ನು ಹಾಕಬೇಕಾದರೆ ಹಳೆಯ ತಂತಿಯನ್ನೆಲ್ಲ ತೆಗೆಯಬೇಕು.

ಅಲ್ಲೇ ನನ್ನ ಕೈ ತಡೆಯಿತು. ಸುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ‘ಐ.ಕೆ.’ ಎಂದಿತ್ತು. ಮದುವೆಗೆ ಮುಂಚೆ, ನೀನು ಇರ್ಮಾ ಕೋಲ್ಬ್ ಆಗಿದ್ದಾಗ, ಈ ಟ್ರ್ಯಾಕ್ಟರಿನ ಕಾರ್ಖಾನೆಯಲ್ಲಿ ಕೂತು ಈ ತಂತಿಗಳನ್ನು ಜೋಡಿಸಿದ್ದು. ಇಷ್ಟು ವರ್ಷ ನಿನ್ನ ಕೆಲಸದ ಮೇಲೆ ಕೂತು ಓಡಾಡಿದ್ದೇನೆ, ಒಂದು ದಿನವೂ ಮುಚ್ಚಳ ತೆಗೆದು ನೋಡಿರಲಿಲ್ಲ. ಈಗ ನಿನ್ನನ್ನು ಕೇಳದೆ ಕೀಳಲಾರೆ.

ಕೇಳದೆ ಮಾಡಿದ್ದು ಒಂದಿದೆಯಲ್ಲ. ವಿನ್ಯಾಸ ವಿಭಾಗದಲ್ಲಿ ನಿನಗೆ ಜಾಗ ಕೊಡುತ್ತೇವೆಂದು ಕಾರ್ಖಾನೆಯಿಂದ ಫೋನ್ ಬಂದಾಗ, ನೀನು ಮಹಡಿಯ ಮೇಲಿದ್ದೆ. “ಅವಳಿಗೆ ಮನಸ್ಸಿಲ್ಲ” ಎಂದು ನಾನೇ ಹೇಳಿ ಇಟ್ಟೆ. ಮೂವತ್ತನಾಲ್ಕು ವರ್ಷದ ನಂತರ ನಿನಗದು ಬೇರೆಯವರ ಬಾಯಿಂದ ತಿಳಿದು, ಅಡುಗೆಮನೆಯಲ್ಲಿ ನಿಂತು ನನ್ನನ್ನು ಕೇಳಿದೆ. ಹೇಳಲು ಮರೆತುಹೋಯಿತು ಎಂದೆ. ಮರೆತಿರಲಿಲ್ಲ, ಇರ್ಮಾ. ನೀನು ನನಗಿಂತ ಮೇಲೆ ಹೋಗುತ್ತೀಯೆಂದು ಹೆದರಿದ್ದೆ.

ಹುಲ್ಲು ಮೊಣಕಾಲಿಗೆ ಬಂದಿದೆ. ಯಾವುದನ್ನು ಹಾಕಲಿ, ತಿಳಿಸು.

ವೆಂಡೆಲ್

ಮರೆತ ಮಾತು: ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಎರಡು ಸಲ ಮಾಡಿದೆ. ನೀನು “ಹಲೋ” ಅಂದ ಮೇಲೆ ಇಟ್ಟುಬಿಟ್ಟೆ.

---

ಈಸ್ಟ್‌ಪೋರ್ಟ್, ಮೇಯ್ನ್
೨೪ ಜುಲೈ

ವೆಂಡೆಲ್,

ಆಜಿಯ ಮಾತು ಕೇಳಬೇಡ. ಅವನು ತರುವುದು ಬೇರೆ ಜಾತಿಯ ಮೋಟರಿನದ್ದು. ನಮ್ಮದರಲ್ಲಿ ದಪ್ಪ ತಂತಿ ಒಳಗೆ ತಿರುಗುವ ಆರ್ಮೇಚರಿಗೆ, ಎರಡು ಸಣ್ಣ ತಂತಿ ಅದರ ಸುತ್ತಲಿನ ಫೀಲ್ಡ್ ಸುರುಳಿಗೆ. ಗಾಡಿ ಓಡುವಾಗ ಆ ಸುರುಳಿಗೆ ಕರೆಂಟು ತಪ್ಪಿದರೆ ಮೋಟರಿನ ವೇಗಕ್ಕೆ ಹಿಡಿತವೇ ಇರುವುದಿಲ್ಲ, ಅದೂ ಆ ಇಳಿಜಾರಿನಲ್ಲಿ. ಮೂರನೆಯದನ್ನೇ ತರಿಸು. ಮೂವತ್ತಾರು ವೋಲ್ಟಿನದ್ದು ಹೌದೋ ಅಲ್ಲವೋ ನೋಡಿಕೋ. ಬ್ರೇಕಿನ ಸ್ವಿಚ್ಚನ್ನು ಮಾತ್ರ ಬಿಡದೆ ಜೋಡಿಸು, ನಿನಗೆ ಅವಸರ ಜಾಸ್ತಿ.

ಹಳೆಯ ತಂತಿ ಕಿತ್ತುಹಾಕು. ಆ ‘ಐ.ಕೆ.’ ನಾನಲ್ಲ, ಈಡಾ ಕ್ರೋಲ್. ಮುಚ್ಚಳ ಹಾಕುವ ಮುಂಚೆ ಪರೀಕ್ಷೆ ಮಾಡುತ್ತಿದ್ದವಳು ಅವಳು. ತಂತಿ ಜೋಡಿಸುವ ನಮಗೆ ಸಹಿ ಹಾಕುವ ಪದ್ಧತಿಯೇ ಇರಲಿಲ್ಲ. ನಿನ್ನ ಮನಸ್ಸು ಸಣ್ಣದಾಗುತ್ತದೆಂದು ಗೊತ್ತು, ಆದರೂ ಇಲ್ಲದ್ದನ್ನು ಇದೆ ಅನ್ನಲಾರೆ.

ಮರೆತಿರಲಿಲ್ಲ ಎಂದು ಬರೆದೆಯಲ್ಲ, ಅದನ್ನು ಎರಡು ಸಲ ಓದಿದೆ. ಅಡುಗೆಮನೆಯಲ್ಲೇ ಹೀಗೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಪಾತ್ರೆ ಎಸೆಯುತ್ತಿದ್ದೆ. ಮನೆ ಬಿಡುತ್ತಿರಲಿಲ್ಲವೇನೋ. ಈಗ ಇಲ್ಲಿ ದೋಣಿಗಳ ಮೋಟರು ರಿಪೇರಿ ಮಾಡುತ್ತೇನೆ, ಜನ ಹುಡುಕಿಕೊಂಡು ಬರುತ್ತಾರೆ. ವಾಪಸು ಬರುವುದಿಲ್ಲ. ಕಾಯಬೇಡ.

ಇರ್ಮಾ

ಇನ್ನೊಂದು: ಇನ್ನು ಮೇಲೆ ಲಕೋಟೆಯ ಮೇಲೆ ನಿನ್ನ ಮನೆತನದ ಹೆಸರು ಹಾಕಬೇಡ. ಈ ಊರಿಗೆ ನಾನು ಇರ್ಮಾ ಕೋಲ್ಬ್. ಯಾರದೋ ಕಾಗದವೆಂದು ಅಂಚೆಯವಳು ನೀನು ಬರೆದದ್ದನ್ನು ಹತ್ತು ದಿನ ಪಕ್ಕಕ್ಕಿಟ್ಟಿದ್ದಳು. ಮುಂದಿನದು ಹಾಗೆ ತಡವಾಗಬಾರದು.